ಚಳಿಗಾಲದ ಮೆಡಿಟರೇನಿಯನ್ ದ್ವೀಪನಗರ: ವಲೆಟ್ಟಾ, ಪಲೆರ್ಮೊ, ಪಾಲ್ಮಾ, ಲಾರ್ನಕಾ, ಹೆರಾಕ್ಲಿಯನ್‌ಗಳಲ್ಲಿ ಯಾವುದು ಯಾರಿಗೆ?

ಡಿಸೆಂಬರಿನಿಂದ ಫೆಬ್ರವರಿಯೊಳಗೆ ಒಂದು ವಾರದ ರಜೆ ಇದೆ, ಮೆಡಿಟರೇನಿಯನ್ ಸಮುದ್ರದ ಯಾವುದಾದರೊಂದು ದ್ವೀಪನಗರಕ್ಕೆ ಹೋಗುವ ಮನಸ್ಸಿದೆ, ಆದರೆ ಯಾವುದನ್ನು ಆರಿಸಬೇಕೆಂದು ತಿಳಿಯುತ್ತಿಲ್ಲ ಎನ್ನುವವರು ಯುರೋಪಿನಲ್ಲಿ ನೆಲೆಸಿರುವ ಕನ್ನಡಿಗರಲ್ಲೂ ಇದ್ದಾರೆ, ಬೆಂಗಳೂರಿನಿಂದ ಹೊರಡುವವರಲ್ಲೂ ಇದ್ದಾರೆ. ಅವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಐದು ಹೆಸರುಗಳಿರುತ್ತವೆ: ಮಾಲ್ಟಾದ ವಲೆಟ್ಟಾ, ಸಿಸಿಲಿಯ ಪಲೆರ್ಮೊ, ಮಯೋರ್ಕಾದ ಪಾಲ್ಮಾ, ಸೈಪ್ರಸ್‌ನ ಲಾರ್ನಕಾ, ಕ್ರೀಟ್‌ನ ಹೆರಾಕ್ಲಿಯನ್. ಚಳಿಗಾಲದಲ್ಲಿ ಈ ಊರುಗಳ ಹೋಟೆಲ್ ದರ ಇಳಿಯುತ್ತದೆ, ಟಿಕೆಟ್ ಕಿಟಕಿಯ ಸಾಲುಗಳು ಕರಗುತ್ತವೆ, ಬೀದಿಗಳು ಅಲ್ಲಿಯವರ ಕೈಗೆ ಮರಳುತ್ತವೆ. ಅದರ ಜೊತೆಗೇ ಮಳೆ, ಗಾಳಿ, ಬೇಗ ಮುಗಿಯುವ ಹಗಲು ಮತ್ತು ಬಾಗಿಲೆಳೆದ ಅಂಗಡಿಗಳೂ ಬರುತ್ತವೆ.

ಹೆಚ್ಚಿನವರು ಮೊದಲು ಕೇಳುವುದು ಈ ಐದರಲ್ಲಿ ಎಲ್ಲಿ ಹೆಚ್ಚು ಬೆಚ್ಚಗಿರುತ್ತದೆ ಎಂದು. ಐದೂ ಊರುಗಳ ಜನವರಿಯ ಮಧ್ಯಾಹ್ನದ ಉಷ್ಣಾಂಶಗಳ ನಡುವೆ ಹೆಚ್ಚೆಂದರೆ ಎರಡು ಡಿಗ್ರಿಯ ಅಂತರವಿರುವುದರಿಂದ ಆ ಪ್ರಶ್ನೆ ಆಯ್ಕೆಗೆ ನೆರವಾಗುವುದು ಕಡಿಮೆ. ದಿನವಿಡೀ ಮಳೆ ಹಿಡಿದರೆ ಆ ಊರಿನಲ್ಲಿ ಏನು ನೋಡಬಹುದು, ಸಂಜೆ ಐದಕ್ಕೆ ಕತ್ತಲಾದ ಮೇಲೆ ಎಲ್ಲಿಗೆ ಹೋಗಬಹುದು, ರಾತ್ರಿ ಮಲಗುವ ಕೋಣೆ ಬೆಚ್ಚಗಿರುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಹೆಚ್ಚು ಫಲಕಾರಿ. ನನ್ನ ಹೋಲಿಕೆಯೆಲ್ಲ ಈ ಮೂರು ಪ್ರಶ್ನೆಗಳ ಸುತ್ತ ನಿಂತಿದೆ.

ಯಾವ ಅಳತೆಯಲ್ಲಿ ತೂಗಬೇಕು

ಮೊದಲನೆಯದು ಹವೆ. ಜನವರಿಯಲ್ಲಿ ಈ ಊರುಗಳ ಮಧ್ಯಾಹ್ನದ ಉಷ್ಣಾಂಶ ಸರಾಸರಿ 15ರಿಂದ 17 ಡಿಗ್ರಿ. ಬೆಂಗಳೂರಿನ ಜನವರಿ ರಾತ್ರಿಯ ಚಳಿ ಎಷ್ಟೋ ಅಲ್ಲಿನ ನಡುಹಗಲಿನ ಚಳಿ ಅಷ್ಟು ಎಂದರೆ ನಮ್ಮವರಿಗೆ ಬೇಗ ಅಂದಾಜು ಸಿಗುತ್ತದೆ. ವರ್ಷದ ಮಳೆಯ ಬಹುಪಾಲು ಅಕ್ಟೋಬರಿನಿಂದ ಫೆಬ್ರವರಿಯೊಳಗೆ ಬೀಳುತ್ತದೆ. ನಮ್ಮ ಮುಂಗಾರಿನಂತೆ ವಾರಗಟ್ಟಲೆ ಹಿಡಿಯದೆ, ಒಂದೆರಡು ಗಂಟೆ ರಭಸವಾಗಿ ಸುರಿದು ಬಿಸಿಲು ಬರುವುದೇ ಹೆಚ್ಚು. ಮಳೆಗಿಂತ ಗಾಳಿಯೇ ಯೋಜನೆಗಳನ್ನು ಹೆಚ್ಚು ಕೆಡಿಸುತ್ತದೆ, ಏಕೆಂದರೆ ದೋಣಿ ಮತ್ತು ಹಡಗುಗಳು ನಿಲ್ಲುವುದು ಗಾಳಿಗೆ. ಸಮುದ್ರದ ನೀರು 14ರಿಂದ 17 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ಈಜುವ ಆಸೆಯನ್ನು ಮೊದಲೇ ಬಿಟ್ಟುಬಿಡುವುದು ಒಳ್ಳೆಯದು.

ಹವೆಗೆ ಸೇರಿದ, ಆದರೆ ಹವಾಮಾನ ವರದಿಯಲ್ಲಿ ಕಾಣದ ಇನ್ನೊಂದು ಸಂಗತಿ ಮನೆಯೊಳಗಿನ ಥಂಡಿ. ಈ ದ್ವೀಪಗಳ ಹಳೆಯ ಮನೆಗಳನ್ನು ಬೇಸಿಗೆಯ ಧಗೆ ತಡೆಯಲೆಂದು ಕಟ್ಟಿದ್ದಾರೆ. ದಪ್ಪ ಸುಣ್ಣಕಲ್ಲಿನ ಗೋಡೆ, ಎತ್ತರದ ಸೂರು, ಹಾಸುಗಲ್ಲಿನ ನೆಲ ಇವೆಲ್ಲ ಆಗಸ್ಟಿನಲ್ಲಿ ವರವಾಗುತ್ತವೆ, ಜನವರಿಯಲ್ಲಿ ತೇವ ಹಿಡಿದುಕೊಂಡು ಒಳಗನ್ನು ಹೊರಗಿಗಿಂತ ತಣ್ಣಗಾಗಿಸುತ್ತವೆ. ಬರ್ಲಿನ್ ಅಥವಾ ಆಮ್‌ಸ್ಟರ್‌ಡ್ಯಾಮಿನ ಬೆಚ್ಚಗಿನ ಮನೆಯಲ್ಲಿ ಇದ್ದು ರೂಢಿಯಾದವರು ಹೆಚ್ಚು ನಡುಗುವುದು ಇಂಥ ಕೋಣೆಗಳಲ್ಲೇ. ಹಾಗಾಗಿ ಚಳಿಗಾಲಕ್ಕೆ ಕೋಣೆ ಹಿಡಿಯುವಾಗ ಹೀಟಿಂಗ್ ಇದೆಯೇ, ಅದನ್ನು ನಾವೇ ಹಾಕಿಕೊಳ್ಳಬಹುದೇ, ವಿದ್ಯುತ್ತಿಗೆ ಬೇರೆ ಹಣ ಕೊಡಬೇಕೇ ಎಂಬುದನ್ನು ಬರಹದಲ್ಲಿ ಕೇಳಿ ತಿಳಿಯಬೇಕು.

ಎರಡನೆಯ ಅಳತೆ, ಊರು ಯಾರಿಂದ ಬದುಕುತ್ತದೆ ಎಂಬುದು. ಪ್ರವಾಸಿಗರನ್ನೇ ನಂಬಿದ ಕಡಲತೀರದ ಊರುಗಳು ನವೆಂಬರಿನಿಂದ ಮಾರ್ಚ್‌ವರೆಗೆ ಬಹುಮಟ್ಟಿಗೆ ಮುಚ್ಚಿರುತ್ತವೆ. ಶಾಲೆ, ನ್ಯಾಯಾಲಯ, ವಿಶ್ವವಿದ್ಯಾಲಯ, ಸಂತೆ, ನಾಟಕಮಂದಿರಗಳಿರುವ ನಗರ ವರ್ಷವಿಡೀ ತೆರೆದಿರುತ್ತದೆ. ಮೂರನೆಯದು, ಕಾರು ಇಲ್ಲದೆ ಎಷ್ಟು ಓಡಾಡಬಹುದು ಮತ್ತು ಹಿರಿಯರ ಮೊಣಕಾಲಿಗೆ ಎಷ್ಟು ಮೆಟ್ಟಿಲು ಬೀಳುತ್ತವೆ ಎಂಬುದು. ನಾಲ್ಕನೆಯದು ಊಟ, ಅದರಲ್ಲೂ ಸಸ್ಯಾಹಾರಿಗಳ ಊಟ. ವೀಸಾ ಮತ್ತು ಖರ್ಚಿನ ಮಾತನ್ನು ಕೊನೆಯಲ್ಲಿ ಒಟ್ಟಿಗೆ ನೋಡೋಣ.

ವಲೆಟ್ಟಾ: ಚಿಕ್ಕದು, ಒತ್ತಾದದ್ದು

1565ರ ಮಹಾ ಮುತ್ತಿಗೆಯಲ್ಲಿ ತುರ್ಕರನ್ನು ಹಿಮ್ಮೆಟ್ಟಿಸಿದ ಸಂತ ಜಾನ್ ಪಂಥದ ಯೋಧರು ಮರುವರ್ಷವೇ ಅಡಿಗಲ್ಲು ಹಾಕಿದ ಈ ಕೋಟೆನಗರದ ವಿಸ್ತೀರ್ಣ ಒಂದು ಚದರ ಕಿಲೋಮೀಟರಿಗಿಂತ ಕಡಿಮೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಇಪ್ಪತ್ತು ನಿಮಿಷದಲ್ಲಿ ನಡೆದು ಹೋಗಬಹುದಾದ್ದರಿಂದ ಮಳೆ ಬಂದಾಗ ಒಳಗೆ ಸೇರುವುದಕ್ಕೂ ನಿಂತಾಗ ಹೊರಬರುವುದಕ್ಕೂ ಇಲ್ಲಿ ಸಮಯ ಹಾಳಾಗುವುದಿಲ್ಲ. ಚಳಿಗಾಲದ ಪ್ರವಾಸಿಗೆ ಈ ಅನುಕೂಲ ಎಷ್ಟು ದೊಡ್ಡದು ಎಂಬುದು ಮಳೆಯ ದಿನವೇ ತಿಳಿಯುತ್ತದೆ.

ಮಳೆಯ ದಿನಕ್ಕೆ ವಲೆಟ್ಟಾದಲ್ಲಿ ಕೊರತೆಯಿಲ್ಲ. ಸಂತ ಜಾನ್ ಸಹಪ್ರಧಾನಾಲಯ (ಕೋ-ಕೆಥೆಡ್ರಲ್) ಎಂಬ ದೊಡ್ಡ ಚರ್ಚಿನ ನೆಲವೆಲ್ಲ ಯೋಧರ ಬಣ್ಣಬಣ್ಣದ ಅಮೃತಶಿಲೆಯ ಸಮಾಧಿಗಳು. ಅದರ ಪ್ರಾರ್ಥನಾಕೋಣೆಯಲ್ಲಿ ಇಟಲಿಯ ಚಿತ್ರಕಾರ ಕಾರವಾಜಿಯೊ 1608ರಲ್ಲಿ ಬಿಡಿಸಿದ, ಸ್ನಾನಿಕ ಯೋಹಾನನ ಶಿರಚ್ಛೇದದ ಬೃಹತ್ ಚಿತ್ರವಿದೆ. ಆ ಕಲಾವಿದ ತನ್ನ ಹೆಸರು ಬರೆದ ಒಂದೇ ಚಿತ್ರ ಅದು. ಬೇಸಿಗೆಯಲ್ಲಿ ಜನರ ಭುಜಗಳ ನಡುವಿನಿಂದ ನೋಡಬೇಕಾದ ಆ ಚಿತ್ರದ ಮುಂದೆ ಜನವರಿಯಲ್ಲಿ ನೆಮ್ಮದಿಯಾಗಿ ನಿಲ್ಲಬಹುದು. ಭಾನುವಾರ ಪ್ರವಾಸಿಗರಿಗೆ ಅಲ್ಲಿ ಪ್ರವೇಶವಿಲ್ಲ ಎಂಬುದು ನೆನಪಿರಲಿ. 1731ರಲ್ಲಿ ಕಟ್ಟಿದ ಮನೋಯೆಲ್ ರಂಗಮಂದಿರ ಇಂದಿಗೂ ಬಳಕೆಯಲ್ಲಿದೆ. ಜನವರಿಯ ಬರೋಕ್ ಸಂಗೀತೋತ್ಸವದ ದಿನಗಳಲ್ಲಿ ಹೋದರೆ ಕತ್ತಲಾದ ಮೇಲೆ ಏನು ಎಂಬ ಪ್ರಶ್ನೆಯೇ ಏಳುವುದಿಲ್ಲ. ಪಕ್ಕದ ಪಾವ್ಲಾ ಊರಿನ ನೆಲದಡಿ ಇರುವ ಹಾಲ್ ಸಫ್ಲಿಯೇನಿ ಹೈಪೋಜಿಯಂ, ಇಂಗ್ಲೆಂಡಿನ ಸ್ಟೋನ್‌ಹೆಂಜಿನ ದೊಡ್ಡ ಕಲ್ಲುಕಂಬಗಳು ಏಳುವುದಕ್ಕೂ ಮೊದಲೇ ಬಂಡೆ ಕೊರೆಯಲು ಆರಂಭಿಸಿದ ಸಮಾಧಿಸ್ಥಾನ. ಒಂದು ಬಾರಿಗೆ ಹತ್ತು ಜನರನ್ನು ಮಾತ್ರ ಬಿಡುವುದರಿಂದ ಹಂಗಾಮು ಇಲ್ಲದ ಕಾಲದಲ್ಲೂ ವಾರಗಳ ಮೊದಲೇ ಟಿಕೆಟ್ ತೆಗೆದುಕೊಳ್ಳಬೇಕು.

ಇಂಗ್ಲಿಷ್ ಇಲ್ಲಿ ಅಧಿಕೃತ ಭಾಷೆ, ವಾಹನಗಳು ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ಓಡುತ್ತವೆ, ಬಸ್ಸುಗಳು ದ್ವೀಪದ ಬಹುತೇಕ ಎಲ್ಲ ಕಡೆಗೂ ಹೋಗುತ್ತವೆ. ಹಳೆಯ ರಾಜಧಾನಿ ಎಮ್ದೀನಾ, ಹಜಾರ್ ಇಮ್ ಶಿಲಾದೇಗುಲಗಳು, ಬಂದರಿನಾಚೆಯ ಬಿರ್ಗು ಇವನ್ನು ನೋಡಲು ಕಾರು ಬೇಡ. ಮೊದಲ ಬಾರಿ ಯುರೋಪಿಗೆ ಬರುವ ತಂದೆತಾಯಿಯರನ್ನು ಕರೆತರುವವರಿಗೆ ಈ ಸರಳತೆಯ ಬೆಲೆ ದೊಡ್ಡದು. ಆದರೆ ವಲೆಟ್ಟಾ ಗುಡ್ಡದ ಬೆನ್ನಿನ ಮೇಲೆ ಕುಳಿತ ಊರು, ಅಡ್ಡಬೀದಿಗಳಲ್ಲಿ ಎಷ್ಟೋ ಬೀದಿಗಳು ಮೆಟ್ಟಿಲುಗಳೇ, ಮಳೆ ನೆನೆಸಿದ ಸುಣ್ಣಕಲ್ಲು ಜಾರುತ್ತದೆ. ಬಂದರಿನಿಂದ ಮೇಲಿನ ಬರಾಕಾ ಉದ್ಯಾನಕ್ಕೆ ಹತ್ತಿಸುವ 58 ಮೀಟರ್ ಎತ್ತರದ ಲಿಫ್ಟ್ ಇರುವುದು ಹಿರಿಯರಿಗೆ ದೊಡ್ಡ ಆಸರೆ. ನಡೆಯಲು ಕಷ್ಟವಿರುವವರು ಊರಿನ ಬೆನ್ನಿನುದ್ದಕ್ಕೂ ಸಾಗುವ ರಿಪಬ್ಲಿಕ್ ಬೀದಿಯ ಆಸುಪಾಸಿನಲ್ಲೇ ಕೋಣೆ ಹಿಡಿಯಬೇಕು.

ಊಟಕ್ಕೆ ಪಸ್ತಿಜ್ಜಿ ಎಂಬ ಪದರಪದರದ ತಿಂಡಿ ಎಲ್ಲೆಡೆ ಸಿಗುತ್ತದೆ, ಅಗ್ಗವೂ ಹೌದು. ಅದನ್ನು ಒಲೆಯಲ್ಲಿ ಬೇಯಿಸುತ್ತಾರೆ, ಒಳಗೆ ರಿಕೊಟ್ಟಾ ಅಥವಾ ಬಟಾಣಿಯ ಹೂರಣವಿರುತ್ತದೆ. ಹಿಟ್ಟಿಗೆ ಹಂದಿಯ ಕೊಬ್ಬು ಸೇರಿಸುವ ಅಂಗಡಿಗಳೂ ಇರುವುದರಿಂದ ಕಟ್ಟುನಿಟ್ಟಿನ ಸಸ್ಯಾಹಾರಿಗಳು ಕೇಳಿಕೊಂಡು ತಿನ್ನಬೇಕು. ದ್ವೀಪದಲ್ಲಿ ಭಾರತೀಯರು ಬಹಳ ಮಂದಿ ಕೆಲಸ ಮಾಡುತ್ತಿರುವುದರಿಂದ ಅನ್ನ ಸಾರಿಗೂ ದಾರಿಯಿದೆ.

ವಲೆಟ್ಟಾದ ಮಿತಿ ಅದರ ಗಾತ್ರವೇ. ನಾಲ್ಕು ದಿನ ತುಂಬಿ ತುಳುಕುವ ಊರು ಏಳನೆಯ ದಿನಕ್ಕೆ ಇಕ್ಕಟ್ಟೆನಿಸುತ್ತದೆ, ಮತ್ತು ಗಾಳಿ ಜೋರಾಗಿ ಬೀಸುವ ದಿನಗಳಲ್ಲಿ ಗೋಜೋ ದ್ವೀಪದ ಹಡಗಾಗಲಿ ಬ್ಲೂ ಗ್ರಾಟೊ ಕಡಲಗುಹೆಗಳ ದೋಣಿಗಳಾಗಲಿ ಓಡುತ್ತವೆಂಬ ಭರವಸೆಯಿಲ್ಲ.

ಪಲೆರ್ಮೊ: ಚಳಿಗಾಲವನ್ನೇ ಮರೆತು ಬದುಕುವ ಊರು

ಐದರಲ್ಲಿ ನನ್ನ ಮನಸ್ಸು ಹೆಚ್ಚು ವಾಲುವುದು ಪಲೆರ್ಮೊದತ್ತ, ಮತ್ತು ಅದಕ್ಕೆ ಕಾರಣ ಸರಳವಾಗಿದೆ. ಆರು ಲಕ್ಷಕ್ಕೂ ಹೆಚ್ಚು ಜನರಿರುವ ಈ ನಗರ ಪ್ರವಾಸಿ ಬಂದರೂ ಬಾರದಿದ್ದರೂ ತನ್ನ ಪಾಡಿಗೆ ಬದುಕುತ್ತದೆ. ಬಲ್ಲರೊ ಮತ್ತು ಕಾಪೊ ಸಂತೆಗಳಲ್ಲಿ ಬೆಳಗ್ಗೆ ಕೂಗು ಏಳುವುದು ಜನವರಿಯಲ್ಲೂ ಅದೇ ಗಟ್ಟಿ ದನಿಯಲ್ಲಿ. ಕಿತ್ತಳೆ, ಪಲ್ಲೆಹೂವು (ಆರ್ಟಿಚೋಕ್), ಕಾಡುಸೊಪ್ಪು ಒಳ್ಳೆಯದಾಗಿ ಸಿಗುವುದೇ ಚಳಿಗಾಲದಲ್ಲಿ. 1897ರಲ್ಲಿ ಬಾಗಿಲು ತೆರೆದ, ಇಟಲಿಯ ಅತಿ ದೊಡ್ಡ ಒಪೆರಾ ಮಂದಿರವಾದ ತೆಯಾತ್ರೊ ಮಾಸ್ಸಿಮೊದ ಪ್ರದರ್ಶನಗಳು ಚಳಿಗಾಲದಲ್ಲಿ ನಡೆಯುತ್ತಿರುತ್ತವೆ. ಯುನೆಸ್ಕೊ ಗುರುತಿಸಿರುವ ಸಿಸಿಲಿಯ ಗೊಂಬೆಯಾಟವನ್ನು ನೋಡಲು ಸಣ್ಣ ರಂಗಮಂದಿರಗಳಿವೆ. ಸೂತ್ರದ ಗೊಂಬೆಯಾಟ, ತೊಗಲುಗೊಂಬೆಯಾಟ ನೋಡಿ ಬೆಳೆದ ನಮ್ಮ ನಾಡಿನವರಿಗೆ, ಲೋಹದ ಕವಚ ತೊಟ್ಟ ಆ ಭಾರದ ಗೊಂಬೆಗಳು ಕತ್ತಿ ಹಿರಿದು ಕಾದುವುದನ್ನು ನೋಡುವಾಗ ಭಾಷೆ ಅಡ್ಡಬರುವುದಿಲ್ಲ.

ಮಳೆಯ ದಿನಗಳಿಗೆ ಇಲ್ಲಿರುವಷ್ಟು ಒಳಾಂಗಣ ವೈಭವ ಉಳಿದ ನಾಲ್ಕು ಊರುಗಳಲ್ಲಿ ಯಾವುದರಲ್ಲೂ ಇಲ್ಲ. ನಾರ್ಮನ್ ದೊರೆ ಎರಡನೆಯ ರಾಜರ್ ಕಟ್ಟಿಸಿದ, 1140ರಲ್ಲಿ ಪ್ರತಿಷ್ಠೆಗೊಂಡ ಅರಮನೆಯ ಪ್ರಾರ್ಥನಾಲಯದಲ್ಲಿ ಬೈಜಾಂಟೈನ್ ಶೈಲಿಯ ಚಿನ್ನದ ಮೊಸಾಯಿಕ್ ಗೋಡೆಗಳ ಮೇಲೆ ಅರಬ್ ಶೈಲಿಯ ಕೆತ್ತನೆಯ ಮರದ ಸೂರು ಕುಳಿತಿದೆ. ಮುಸ್ಲಿಂ ಕುಶಲಕರ್ಮಿಗಳು, ಗ್ರೀಕ್ ಮೊಸಾಯಿಕ್ ಕಲಾವಿದರು, ಲ್ಯಾಟಿನ್ ದೊರೆ ಒಂದೇ ಕೋಣೆಯಲ್ಲಿ ಕೂಡಿದ ಆ ಕಾಲದ ಸಾಕ್ಷಿಯೆಂದೇ 2015ರಲ್ಲಿ ಪಲೆರ್ಮೊದ ಅರಬ್-ನಾರ್ಮನ್ ಕಟ್ಟಡಗಳು, ಚೆಫಾಲು ಮತ್ತು ಮೊನ್ರೆಯಾಲೆಯ ಪ್ರಧಾನಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇದೇ ಅರಮನೆಯಲ್ಲಿ ಸಿಸಿಲಿಯ ಶಾಸನಸಭೆ ಸೇರುವುದರಿಂದ ಕಲಾಪದ ದಿನಗಳಲ್ಲಿ ರಾಜರ ಕೋಣೆಗಳು ತೆರೆದಿರುವುದಿಲ್ಲ, ಭಾನುವಾರ ಬೆಳಗ್ಗೆ ಪೂಜೆಗಾಗಿ ಪ್ರಾರ್ಥನಾಲಯದ ವೇಳೆಯೂ ಬದಲಾಗುತ್ತದೆ. ಅಬಾತೆಲ್ಲಿಸ್ ಅರಮನೆಯ ಕಲಾಶಾಲೆ, ಸಲೀನಾಸ್ ಪ್ರಾಚ್ಯವಸ್ತು ಸಂಗ್ರಹಾಲಯ, ಶಿಲ್ಪಿ ಸೆರ್ಪೊತ್ತಾನ ಗಾರೆಶಿಲ್ಪಗಳಿರುವ ಪುಟ್ಟ ಪ್ರಾರ್ಥನಾಮಂದಿರಗಳು ಎಂದು ಎಣಿಸುತ್ತ ಹೋದರೆ ಒಂದು ವಾರದ ಮಳೆಗೂ ಸಾಲುತ್ತದೆ.

ಸಸ್ಯಾಹಾರಿಗಳ ಪಾಲಿಗೆ ಪಲೆರ್ಮೊದ ಬೀದಿ ತಿಂಡಿ ಅರ್ಧ ಸ್ವರ್ಗ, ಅರ್ಧ ಎಚ್ಚರಿಕೆ. ಕಡಲೆಹಿಟ್ಟಿನ ತೆಳು ಬಿಲ್ಲೆಗಳನ್ನು ಕರಿದು ಬ್ರೆಡ್ಡಿನೊಳಗಿಟ್ಟು ಕೊಡುವ ಪನೆಲ್ಲೆ, ಆಲೂಗಡ್ಡೆಯ ಕರಿದ ಉಂಡೆಗಳು, ಬದನೆಯ ಹುಳಿಸಿಹಿ ಪಲ್ಯವಾದ ಕಾಪೊನಾತಾ ಇವು ನಿರಾತಂಕ. ಸ್ಫಿಂಚೋನೆ ಎಂಬ ದಪ್ಪ ರೊಟ್ಟಿಯ ಮೇಲೆ ಟೊಮ್ಯಾಟೊ ಈರುಳ್ಳಿಯೊಂದಿಗೆ ಆಂಚೊವಿ ಮೀನು ಇರುತ್ತದೆ. ಬೆಣ್ಣೆಯದೆಂದು ಕರೆಯುವ ಅರಾಂಚೀನಾ ಅನ್ನದುಂಡೆಯೊಳಗೆ ಸಾಮಾನ್ಯವಾಗಿ ಹಂದಿಮಾಂಸದ ಚೂರುಗಳಿರುತ್ತವೆ. ಡಿಸೆಂಬರ್ 13ರ ಸಂತ ಲೂಸಿಯಾ ಹಬ್ಬದಂದು ಪಲೆರ್ಮೊದವರು ಬ್ರೆಡ್ಡು ಪಾಸ್ತಾ ಮುಟ್ಟದೆ, ಬರಗಾಲದಲ್ಲಿ ಧಾನ್ಯದ ಹಡಗು ಬಂದಿತೆಂಬ ಐತಿಹ್ಯವನ್ನು ನೆನೆದು, ಇಡಿ ಗೋಧಿಯನ್ನು ಬೇಯಿಸಿ ರಿಕೊಟ್ಟಾ ಸಕ್ಕರೆ ಬೆರೆಸಿದ ಕುಚ್ಚೀಯಾ ತಿನ್ನುತ್ತಾರೆ. ಉತ್ತರ ಕರ್ನಾಟಕದ ಗೋಧಿ ಹುಗ್ಗಿ ಉಂಡವರಿಗೆ ಅದು ದೂರದ ನೆಂಟನಂತೆ ಕಾಣುತ್ತದೆ.

ಕಾರಿಲ್ಲದೆಯೂ ಸುತ್ತಲು ಹೋಗಬಹುದು. ಚೆಫಾಲುಗೆ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ, ಅಗ್ರಿಜೆಂತೊದ ಗ್ರೀಕ್ ದೇಗುಲಗಳಿಗೆ ಎರಡು ಗಂಟೆ. ನೆರಳೇ ಇಲ್ಲದ ಆ ದೇಗುಲಗಳ ಕಣಿವೆಯಲ್ಲಿ ಜುಲೈಯ ಬಿಸಿಲಿನಲ್ಲಿ ನಡೆಯುವುದು ಶಿಕ್ಷೆ. ಫೆಬ್ರವರಿಯಲ್ಲಿ ಬಾದಾಮಿ ಮರಗಳು ಹೂಬಿಟ್ಟಿರುವಾಗ ನಡೆಯುವುದು ಬೇರೆಯದೇ ಅನುಭವ.

ಕೊರತೆಗಳನ್ನೂ ಹೇಳಬೇಕು. ಗದ್ದಲ, ವಾಹನಗಳ ಒತ್ತಡ, ಕಸ, ಒಡೆದ ಕಾಲುದಾರಿ ಇಲ್ಲಿ ನಿತ್ಯದವು. ಶಾಂತಿಯನ್ನೇ ಅರಸಿ ಹೊರಟವರು ಬೇರೆ ಊರು ನೋಡಿಕೊಳ್ಳುವುದು ಲೇಸು. ಇಂಗ್ಲಿಷ್ ವಲೆಟ್ಟಾದಷ್ಟು ಸಲೀಸಾಗಿ ನಡೆಯದು. ಮನೆಗಳನ್ನು ಬಿಸಿ ಮಾಡುವ ಅವಧಿಯನ್ನು ಇಟಲಿಯ ಕಾನೂನು ಹವಾವಲಯಗಳಿಗೆ ತಕ್ಕಂತೆ ಗೊತ್ತುಮಾಡಿದ್ದು, ಪಲೆರ್ಮೊ ಸೇರಿರುವ ವಲಯದಲ್ಲಿ ಅದು ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ, ದಿನಕ್ಕೆ ಎಂಟು ಗಂಟೆ. ಹಳೆಯ ಅರಮನೆಯಂಥ ಬಾಡಿಗೆ ಮನೆಯ ಚಿತ್ರ ಎಷ್ಟೇ ಚೆಂದವಿದ್ದರೂ, ಕೋಣೆಯಲ್ಲಿ ಬಿಸಿಗಾಳಿ ಕೊಡುವ ಎಸಿ ಇದೆಯೇ ಎಂದು ನೋಡದೆ ಹಣ ಕಟ್ಟಬಾರದು.

ಪಾಲ್ಮಾ: ಅಚ್ಚುಕಟ್ಟು, ದುಬಾರಿ

ಪಾಲ್ಮಾವನ್ನು ಮಯೋರ್ಕಾದ ಕಡಲತೀರಗಳೊಂದಿಗೆ ಒಟ್ಟಿಗೆ ನೋಡಿ ಚಳಿಗಾಲದಲ್ಲಿ ಎಲ್ಲವೂ ಮುಚ್ಚಿರುತ್ತದೆಂದು ಕೈಬಿಡುವವರು ಬಹಳ. ಮುಚ್ಚುವುದು ಮಗಲುಫ್, ಅರೆನಾಲ್, ಅಲ್ಕೂದಿಯಾ ಬಳಿಯ ರೆಸಾರ್ಟುಗಳು. ನಾಲ್ಕು ಲಕ್ಷ ಜನರ ರಾಜಧಾನಿಯಾದ ಪಾಲ್ಮಾ ತೆರೆದೇ ಇರುತ್ತದೆ. ಐದೂ ಊರುಗಳಲ್ಲಿ ಬೀದಿಗಳು ಹೆಚ್ಚು ಸ್ವಚ್ಛ, ಬಸ್ಸುಗಳು ಹೆಚ್ಚು ನಂಬಿಕಸ್ಥ, ಮಗುವಿನ ಗಾಡಿ ತಳ್ಳಿಕೊಂಡು ಓಡಾಡಲು ಹೆಚ್ಚು ಸಲೀಸು ಇಲ್ಲೇ. ಎಸ್ಪಾನ್ಯಾ ಚೌಕದ ನೆಲದಡಿಯ ನಿಲ್ದಾಣದಿಂದ ಬಸ್ಸು ರೈಲುಗಳೆರಡೂ ದ್ವೀಪದ ಒಳಗೆ ಹೊರಡುತ್ತವೆ.

ಇಲ್ಲಿಗೆ ಬರಬೇಕಾದವರು ನಡಿಗೆಯ ಪ್ರೀತಿಯವರು. 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಟ್ರಮುಂತಾನಾ ಬೆಟ್ಟಸಾಲು ಬೇಸಿಗೆಯಲ್ಲಿ ಕಾದ ಬಂಡೆ. ಚಳಿಗಾಲದಲ್ಲಿ ಹಸಿರು, ತಂಪು, ಖಾಲಿ. ಜನವರಿಯ ಕೊನೆಯಿಂದ ಬಯಲಿನ ಬಾದಾಮಿ ತೋಟಗಳು ಹೂಬಿಡುತ್ತವೆ. ಬೆಟ್ಟದ ಹವೆ ಮಾತ್ರ ಪಟ್ಟಣದ ಹವೆಯಲ್ಲ. ಸಂಗೀತಗಾರ ಶೋಪಾನ್ ಆರೋಗ್ಯ ಸುಧಾರಿಸಲೆಂದು 1838ರ ನವೆಂಬರಿನಲ್ಲಿ ಈ ದ್ವೀಪಕ್ಕೆ ಬಂದು, ವಾಲ್ದೆಮೊಸ್ಸಾದ ತೊರೆದುಹೋದ ಮಠದ ಕೋಣೆಗಳಲ್ಲಿ ಮಳೆ ಮತ್ತು ಥಂಡಿಯಿಂದ ಇನ್ನಷ್ಟು ಕಾಯಿಲೆ ಬಿದ್ದು, ಫೆಬ್ರವರಿಯಲ್ಲಿ ಹಿಂದಿರುಗಿದ. ಆ ಕೋಣೆಗಳನ್ನು ಇಂದು ಪ್ರವಾಸಿಗರು ನೋಡಲು ಹೋಗುತ್ತಾರೆ. ವಾಸಕ್ಕೆ ಪಾಲ್ಮಾವನ್ನೇ ಇಟ್ಟುಕೊಂಡು ಹಗಲಿನಲ್ಲಿ ಬೆಟ್ಟಕ್ಕೆ ಹೋಗಿಬರುವುದು ಜಾಣತನ. 1912ರಿಂದ ಓಡುತ್ತಿರುವ ಸೋಯೇರ್‌ನ ಮರದ ರೈಲು ಚಳಿಗಾಲದ ನಡುವೆ ದುರಸ್ತಿಗೆಂದು ಕೆಲವು ವಾರ ನಿಲ್ಲುವುದುಂಟು, ಅದನ್ನೇ ನೆಚ್ಚಿ ಬರುವವರು ವೇಳಾಪಟ್ಟಿ ನೋಡಿಕೊಳ್ಳಬೇಕು.

ಮಳೆಯ ದಿನದ ಪರೀಕ್ಷೆಯಲ್ಲಿ ಪಾಲ್ಮಾ ಪಲೆರ್ಮೊಗಿಂತ ಹಿಂದೆ. ಪ್ರಧಾನಾಲಯ ಮಾತ್ರ ಅದ್ಭುತವೇ: 44 ಮೀಟರ್ ಎತ್ತರದ ನಡುಸಾಲು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಾಸ್ತುಶಿಲ್ಪಿ ಗೌದಿ ಮಾಡಿದ ಮಾರ್ಪಾಡು, ಕಲಾವಿದ ಮಿಕೆಲ್ ಬಾರ್ಸೆಲೊ ಮಣ್ಣಿನಿಂದ ಮೆತ್ತಿದ ಪಕ್ಕದ ಗುಡಿ. ನವೆಂಬರ್ 11 ಮತ್ತು ಫೆಬ್ರವರಿ 2ರ ಬೆಳಗ್ಗೆ ಪೂರ್ವದ ದುಂಡು ಕಿಟಕಿಯ ಬಣ್ಣದ ಬೆಳಕು ಎದುರು ಗೋಡೆಯ ಕಿಟಕಿಯ ಕೆಳಗೇ ಬಿದ್ದು ಎಂಟರ ಅಂಕಿಯ ಆಕಾರ ಮೂಡುತ್ತದೆ. ಚಿತ್ರಕಾರ ಮಿರೊ ಹೆಸರಿನ ಪ್ರತಿಷ್ಠಾನ, ದುಂಡನೆಯ ಬೆಲ್ವೆರ್ ಕೋಟೆ ಸೇರಿದರೆ ಎರಡು ದಿನದ ಮಳೆಗೆ ಸಾಕು. ಊಟದಲ್ಲಿ ತುಂಬೆತ್ ಎಂಬ ತರಕಾರಿಯ ಪದರಡುಗೆ, ಟೊಮ್ಯಾಟೊ ಉಜ್ಜಿ ಎಣ್ಣೆ ಸುರಿದ ರೊಟ್ಟಿ ಸಿಗುತ್ತವೆ. ಊರಿನ ಹೆಮ್ಮೆಯ ಸುರುಳಿ ಸಿಹಿಯಾದ ಎನ್ಸಾಯ್ಮಾದಾವನ್ನು ಹಂದಿಯ ಕೊಬ್ಬಿನಿಂದಲೇ ಮಾಡುವುದರಿಂದ ಸಸ್ಯಾಹಾರಿಗಳು ಅದನ್ನು ಬಿಡಬೇಕಾಗುತ್ತದೆ.

ಲಾರ್ನಕಾ: ಬಿಸಿಲು ಬೇಕೆನ್ನುವವರಿಗೆ

ಬಿಸಿಲೇ ಮುಖ್ಯ, ಅಪ್ಪ ಅಮ್ಮ ಕಡಲಂಚಿನಲ್ಲಿ ನೆಮ್ಮದಿಯಾಗಿ ನಡೆದಾಡಿದರೆ ಸಾಕು ಎನ್ನುವವರು ಉಳಿದುದನ್ನು ಬಿಟ್ಟು ಲಾರ್ನಕಾಗೆ ಹೋಗಬಹುದು. ಐದರಲ್ಲಿ ಮಳೆ ಕಡಿಮೆ ಬೀಳುವುದೂ ಮಧ್ಯಾಹ್ನ ತುಸು ಹೆಚ್ಚು ಬೆಚ್ಚಗಿರುವುದೂ ಇಲ್ಲೇ. ಫಿನಿಕೂದೆಸ್ ಕಡಲದಾರಿ ಮಟ್ಟಸವಾಗಿದೆ, ಮೆಟ್ಟಿಲಿಲ್ಲ. ಊರಂಚಿನ ಉಪ್ಪುಕೆರೆಯಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ರಾಜಹಂಸಗಳ ಹಿಂಡು ಇಳಿಯುತ್ತದೆ. ಅದರ ದಡದ ಹಾಲಾ ಸುಲ್ತಾನ್ ತೆಕ್ಕೆ ಮಸೀದಿ, ಊರೊಳಗಿನ ಸಂತ ಲಾಜರನ ಚರ್ಚು ಎರಡನ್ನೂ ಒಂದೇ ದಿನ ನೋಡಿ ಮುಗಿಸಬಹುದು. ಲಾರ್ನಕಾ ಸ್ವತಃ ಎರಡು ದಿನದ ಊರು. ಉಳಿದ ದಿನಗಳನ್ನು ರಾಜಧಾನಿ ನಿಕೋಸಿಯಾ ತುಂಬುತ್ತದೆ: ಬಸ್ಸಿನಲ್ಲಿ ಸುಮಾರು ಒಂದು ಗಂಟೆ, ಹನ್ನೊಂದು ಕೊತ್ತಲಗಳ ವೆನಿಸ್ ಕಾಲದ ಕೋಟೆಗೋಡೆ, ಒಳ್ಳೆಯ ಪ್ರಾಚ್ಯವಸ್ತು ಸಂಗ್ರಹಾಲಯ, 2008ರಲ್ಲಿ ತೆರೆದ ಲೆದ್ರಾ ಬೀದಿಯ ದಾಟುದಾರಿ. ಆ ದಾರಿಯಲ್ಲಿ ಪಾಸ್‌ಪೋರ್ಟ್ ತೋರಿಸಿ ತುರ್ಕಿ ಭಾಷಿಕರ ಉತ್ತರ ಭಾಗಕ್ಕೆ ನಡೆದೇ ಹೋಗಬಹುದು. ಒಂದು ನಗರ ಎರಡಾಗಿ ಬದುಕುವುದು ಹೇಗೆ ಎಂಬುದನ್ನು ಕಣ್ಣಾರೆ ನೋಡುವ ಅವಕಾಶವನ್ನು ಪಟ್ಟಿಯ ಬೇರಾವ ಊರೂ ಕೊಡುವುದಿಲ್ಲ. ಕಾರು ಹಿಡಿದರೆ 1,952 ಮೀಟರ್ ಎತ್ತರದ ಒಲಿಂಪಸ್ ಶಿಖರದ ಹಿಮವೂ ತ್ರೂದೊಸ್ ಬೆಟ್ಟಗಳ ಭಿತ್ತಿಚಿತ್ರದ ಚರ್ಚುಗಳೂ ಒಂದು ದಿನದ ದಾರಿ; ಇಲ್ಲಿಯೂ ವಾಹನ ಎಡಬದಿಯಲ್ಲೇ ಓಡುತ್ತದೆ.

ಕಟ್ಟಡಗಳ ಸೊಬಗಿನಲ್ಲಿ ಲಾರ್ನಕಾವನ್ನು ವಲೆಟ್ಟಾ, ಪಲೆರ್ಮೊಗಳ ಸಾಲಿನಲ್ಲಿ ಇಡಲಾಗದು. ಹಳೆಯ ಊರು ಚಿಕ್ಕದು, ಬಹುಪಾಲು ಹೊಸ ಕಟ್ಟಡಗಳು.

ಹೆರಾಕ್ಲಿಯನ್ ಮತ್ತು ಹನ್ಯಾ: ಕಾರಣವಿದ್ದವರು ಮಾತ್ರ

ಕ್ರೀಟ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಕಂಚುಯುಗದಲ್ಲಿ ಈ ದ್ವೀಪದಲ್ಲಿ ಬೆಳೆದ ಮಿನೋವನ್ ನಾಗರಿಕತೆಯ ಮೇಲೆ ಆಸಕ್ತಿಯಿದ್ದರೆ ಚಳಿಗಾಲಕ್ಕಿಂತ ಒಳ್ಳೆಯ ಕಾಲವಿಲ್ಲ, ಇಲ್ಲದಿದ್ದರೆ ಮೇ ತಿಂಗಳಿಗೆ ಮುಂದೂಡುವುದು ವಾಸಿ. ಹೆರಾಕ್ಲಿಯನ್‌ನ ಪ್ರಾಚ್ಯವಸ್ತು ಸಂಗ್ರಹಾಲಯವೊಂದೇ ಒಂದು ಪೂರ್ತಿ ಮಳೆಯ ದಿನವನ್ನು ನುಂಗುತ್ತದೆ. ಐದು ಕಿಲೋಮೀಟರ್ ದೂರದ ಕ್ನೋಸೊಸ್ ಅರಮನೆಯ ಅವಶೇಷಗಳನ್ನು ತಳ್ಳಾಟವಿಲ್ಲದೆ ನೋಡಬಹುದು. ನವೆಂಬರಿನಿಂದ ಮಾರ್ಚ್‌ವರೆಗೆ ತಿಂಗಳ ಮೊದಲ ಭಾನುವಾರ ಸರ್ಕಾರಿ ಪುರಾತತ್ವ ತಾಣಗಳಿಗೆ ಪ್ರವೇಶ ಉಚಿತ. ಆದರೆ ಸಮರಿಯಾ ಕಮರಿ ಬೇಸಿಗೆ ಬರುವವರೆಗೆ ಮುಚ್ಚಿರುತ್ತದೆ. ಸಂತೊರಿನಿ ದ್ವೀಪಕ್ಕೆ ಹೆರಾಕ್ಲಿಯನ್‌ನಿಂದ ವೇಗದ ದೋಣಿ ಹಿಡಿಯುವ ಯೋಜನೆ ಚಳಿಗಾಲದಲ್ಲಿ ನಡೆಯುವುದಿಲ್ಲ. ಹೊರದೇಶಗಳ ನೇರ ವಿಮಾನಗಳು ವಿರಳವಾಗಿ, ಅಥೆನ್ಸ್ ಮೂಲಕವೋ ಪಿರಾಯಸ್ ಬಂದರಿನ ರಾತ್ರಿ ಹಡಗಿನಲ್ಲೋ ಬರಬೇಕಾಗುತ್ತದೆ. ಕ್ರೀಟ್‌ನ ಇನ್ನೊಂದು ಊರಾದ ಹನ್ಯಾದ ವೆನಿಸ್ ಕಾಲದ ಬಂದರು ಸುಂದರ, ಆದರೆ ಹೆರಾಕ್ಲಿಯನ್‌ನಿಂದ ಬಸ್ಸಿನಲ್ಲಿ ಎರಡೂವರೆ ಮೂರು ಗಂಟೆ.

ಗ್ರೀಕರ ಊಟದ ಒಂದು ಗುಣವನ್ನು ಹೇಳಲೇಬೇಕು, ಅದು ಸೈಪ್ರಸ್‌ಗೂ ಅನ್ವಯಿಸುತ್ತದೆ. ಆರ್ಥಡಾಕ್ಸ್ ಕ್ರೈಸ್ತರು ಕ್ರಿಸ್‌ಮಸ್‌ಗೆ ಮುಂಚಿನ ನಲವತ್ತು ದಿನಗಳಲ್ಲೂ ಈಸ್ಟರ್‌ಗೆ ಮುಂಚಿನ ಉಪವಾಸದಲ್ಲೂ ಮಾಂಸ, ಹಾಲು, ಮೊಟ್ಟೆ ಬಿಡುತ್ತಾರೆ. ಹೋಟೆಲಿನಲ್ಲಿ ನಿಸ್ತೀಸಿಮೊ ಎಂದು ಕೇಳಿದರೆ ಕಾಳು, ಸೊಪ್ಪು, ತರಕಾರಿಯ ಅಡುಗೆಗಳು ಸಿಗುತ್ತವೆ. ಆ ಉಪವಾಸದಲ್ಲಿ ಆಕ್ಟೋಪಸ್, ಸಿಗಡಿಗಳಿಗೆ ನಿಷೇಧವಿಲ್ಲದ ಕಾರಣ, ಅವು ಬೇಡವೆಂದು ಬೇರೆಯಾಗಿ ಹೇಳಬೇಕು.

ವೀಸಾ, ಹಣ ಮತ್ತು ಆಯ್ಕೆಯ ಗಂಟು

ಮಾಲ್ಟಾ, ಇಟಲಿ, ಸ್ಪೇನ್, ಗ್ರೀಸ್‌ಗಳಿಗೆ ಒಂದೇ ಷೆಂಗೆನ್ ವೀಸಾ ಸಾಕು. ವಯಸ್ಕರಿಗೆ ಅದರ ಶುಲ್ಕ 2024ರ ಜೂನ್‌ನಿಂದ 90 ಯುರೋ. ಜರ್ಮನಿ, ನೆದರ್‌ಲ್ಯಾಂಡ್ಸ್‌ಗಳ ವಾಸದ ಪರವಾನಗಿ ಇರುವವರಿಗೆ ಬೇರೆ ವೀಸಾ ಬೇಡ, ಆದರೆ ಬ್ರಿಟನ್ ಮತ್ತು ಐರ್ಲೆಂಡಿನಲ್ಲಿರುವ ಭಾರತೀಯ ಪಾಸ್‌ಪೋರ್ಟಿನವರಿಗೆ ಬೇಕೇ ಬೇಕು. ಸೈಪ್ರಸ್ 2004ರಲ್ಲೇ ಐರೋಪ್ಯ ಒಕ್ಕೂಟ ಸೇರಿದರೂ ಅದರ ವೀಸಾ ವ್ಯವಸ್ಥೆ ಬೇರೆಯಾಗಿಯೇ ನಡೆದುಬಂದಿದೆ. ಬಹುಪ್ರವೇಶದ ಷೆಂಗೆನ್ ವೀಸಾ ಇರುವವರಿಗೆ ಅದು ಸಡಿಲಿಕೆ ಕೊಡುತ್ತದೆಯಾದರೂ ಟಿಕೆಟ್ ತೆಗೆಯುವ ಮೊದಲು ಸದ್ಯದ ನಿಯಮವನ್ನು ಓದಬೇಕು. ಒಂದೇ ಪ್ರವೇಶದ ಷೆಂಗೆನ್ ವೀಸಾದಲ್ಲಿ ಮಾಲ್ಟಾ ನೋಡಿ, ಸೈಪ್ರಸ್‌ಗೆ ಹೋಗಿ, ಮತ್ತೆ ಇಟಲಿಗೆ ಮರಳುವ ಯೋಜನೆಯನ್ನು ಹಾಕಿಕೊಳ್ಳಲೇಬಾರದು. ಬೆಂಗಳೂರಿನವರಿಗೆ ಲಾರ್ನಕಾ ಮತ್ತು ವಲೆಟ್ಟಾಗಳ ಒಂದು ಅನುಕೂಲವೆಂದರೆ ಕೊಲ್ಲಿ ದೇಶಗಳ ಮೂಲಕ ಒಂದೇ ಬದಲಾವಣೆಯಲ್ಲಿ ತಲುಪಬಹುದು. ದುಬೈಯಿಂದ ಲಾರ್ನಕಾ ಮೂಲಕ ಮಾಲ್ಟಾಕ್ಕೆ ಹೋಗುವ ಎಮಿರೇಟ್ಸ್ ಸೇವೆ ಬಹಳ ವರ್ಷಗಳಿಂದ ಇದೆ. ಪಲೆರ್ಮೊ, ಪಾಲ್ಮಾಗಳಿಗೆ ರೋಮ್, ಮಿಲಾನ್, ಮ್ಯಾಡ್ರಿಡ್, ಬಾರ್ಸಿಲೋನಾದಂಥ ಊರುಗಳಲ್ಲಿ ಇನ್ನೊಂದು ವಿಮಾನ ಹತ್ತಬೇಕು.

ಕೈಯಲ್ಲಿ ಕಡಿಮೆ ಹಣವಿದ್ದು ಹೆಚ್ಚು ದಿನ ಇರಬೇಕೆನ್ನುವವರಿಗೆ ಪಲೆರ್ಮೊ. ಅಲ್ಲಿ ಸಂತೆಯ ತಿಂಡಿಯಲ್ಲೇ ಮಧ್ಯಾಹ್ನದ ಊಟ ಮುಗಿಯುತ್ತದೆ, ರೈಲಿನ ದರವೂ ಹಗುರ. ವಲೆಟ್ಟಾದೊಳಗಿನ ಕೋಣೆಗಳು ಚಳಿಗಾಲದಲ್ಲೂ ಅಗ್ಗವಲ್ಲ, ಆದರೆ ದೋಣಿಯಲ್ಲಿ ಕೆಲವೇ ನಿಮಿಷ ದೂರದ ಸ್ಲೀಮಾದ ದೊಡ್ಡ ಹೋಟೆಲುಗಳು ಈ ಕಾಲದಲ್ಲಿ ದರ ಇಳಿಸುತ್ತವೆ. ಹೀಟಿಂಗ್, ಲಿಫ್ಟ್ ಎರಡೂ ಇರುವುದರಿಂದ ಹಿರಿಯರೊಂದಿಗೆ ಬರುವವರಿಗೆ ಅದೇ ಒಳ್ಳೆಯದು. ಪಾಲ್ಮಾದಲ್ಲಿ ಪ್ರವಾಸಿ ತೆರಿಗೆ ನವೆಂಬರಿನಿಂದ ಏಪ್ರಿಲ್‌ವರೆಗೆ ಶೇಕಡಾ 75ರಷ್ಟು ಇಳಿದರೂ ಒಟ್ಟು ಖರ್ಚಿನಲ್ಲಿ ಅದೇ ಮುಂದಿರುತ್ತದೆ. ಕ್ರೀಟ್‌ನಲ್ಲಿ ಕೋಣೆ ಅಗ್ಗ, ತಲುಪುವ ಖರ್ಚು ಹೆಚ್ಚು.

ವಲೆಟ್ಟಾವೋ ಪಲೆರ್ಮೊವೋ ಎಂಬ ಗೊಂದಲವೇ ಹೆಚ್ಚು ಜನರದು. ನಾಲ್ಕು ದಿನ, ಹಿರಿಯರು ಅಥವಾ ಚಿಕ್ಕ ಮಕ್ಕಳು ಜೊತೆಗಿದ್ದಾರೆ, ಹೊಸ ಭಾಷೆಯೊಂದಿಗೆ ಗುದ್ದಾಡುವ ಮನಸ್ಸಿಲ್ಲ ಎಂದರೆ ವಲೆಟ್ಟಾ. ಆರು ದಿನಕ್ಕಿಂತ ಹೆಚ್ಚು ಸಮಯವಿದೆ, ಗದ್ದಲ ಒಗ್ಗುತ್ತದೆ, ಊಟ ಮತ್ತು ಕಲೆಯೇ ಮುಖ್ಯ ಎಂದರೆ ಪಲೆರ್ಮೊ. ಹತ್ತು ದಿನವಿದ್ದರೆ ಎರಡನ್ನೂ ಸೇರಿಸಬಹುದು, ಏಕೆಂದರೆ ಸಿಸಿಲಿಯ ಪೊತ್ಸಾಲ್ಲೊದಿಂದ ವಲೆಟ್ಟಾಕ್ಕೆ ವೇಗದ ಹಡಗಿನಲ್ಲಿ ಎರಡು ಗಂಟೆಯೊಳಗಿನ ದಾರಿ. ಪಲೆರ್ಮೊದಿಂದ ಪೊತ್ಸಾಲ್ಲೊಗೆ ಹೋಗಲು ಮಾತ್ರ ಒಂದು ಹಗಲು ಬೇಕಾಗುತ್ತದೆ. ದಾರಿಯಲ್ಲಿ ಕತಾನಿಯಾದಲ್ಲೋ ಸಿರಕೂಸಾದಲ್ಲೋ ರಾತ್ರಿ ಉಳಿದರೆ ದಣಿವಿರದು.

ಯಾವ ವಾರ

ಡಿಸೆಂಬರ್ ಕೊನೆಯ ವಾರದಲ್ಲಿ ಹಗಲು ಒಂಬತ್ತೂಕಾಲಿನಿಂದ ಹತ್ತು ಗಂಟೆ ಮಾತ್ರ. ವಲೆಟ್ಟಾ, ಪಲೆರ್ಮೊ, ಲಾರ್ನಕಾಗಳಲ್ಲಿ ಐದು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಪಾಲ್ಮಾದಲ್ಲಿ ಐದೂವರೆಯವರೆಗೆ ಬೆಳಕಿದ್ದರೂ ಬೆಳಗಾಗುವುದು ಎಂಟರ ಮೇಲೆ. ಕ್ರಿಸ್‌ಮಸ್ ಮತ್ತು ಹೊಸವರ್ಷದ ದಿನ ಸಂಗ್ರಹಾಲಯಗಳು ಮುಚ್ಚಿರುತ್ತವೆ, ಬಸ್ಸುಗಳು ವಿರಳ, ದರ ಮಾತ್ರ ಏರಿರುತ್ತದೆ. ಶಾಲೆಯ ರಜೆಗೆ ಕಟ್ಟುಬಿದ್ದು ಈ ಹಬ್ಬದ ದಿನಗಳಲ್ಲೇ ಹೋಗಬೇಕಾದವರು ಜನವರಿ 5ರ ಸಂಜೆ, ಶಿಶು ಯೇಸುವನ್ನು ಕಾಣಲು ಬಂದ ಮೂವರು ಜ್ಞಾನಿಗಳ ಮೆರವಣಿಗೆ ಸಮುದ್ರದಿಂದ ಇಳಿದು ಬರುವ ಪಾಲ್ಮಾವನ್ನೋ, 6ರಂದು ಕಡಲಿಗೆಸೆದ ಶಿಲುಬೆಯನ್ನು ಹಿಡಿಯಲು ಯುವಕರು ಧುಮುಕುವ ಲಾರ್ನಕಾವನ್ನೋ ಆರಿಸಿದರೆ ಖರ್ಚಿಗೆ ತಕ್ಕ ಫಲವಿರುತ್ತದೆ. ಜನವರಿಯ ಎರಡನೆಯ ವಾರದಿಂದ ಕೊನೆಯವರೆಗೆ ದರ ಬಹಳ ಇಳಿದಿರುತ್ತದೆ. ಆಯ್ಕೆಯ ಸ್ವಾತಂತ್ರ್ಯವಿದ್ದರೆ ನಾನು ಹೇಳುವುದು ಫೆಬ್ರವರಿಯನ್ನು: ಹಗಲು ಹಿಗ್ಗಿರುತ್ತದೆ, ಬಾದಾಮಿ ಹೂಬಿಟ್ಟಿರುತ್ತದೆ, ವಲೆಟ್ಟಾದಲ್ಲಿ 10ರಂದು ಸಂತ ಪೌಲನ ಉತ್ಸವ, ಹಲವು ವರ್ಷ ಇದೇ ತಿಂಗಳಲ್ಲಿ ಕಾರ್ನಿವಲ್ ಕೂಡ.

ದಿನ ನಿಶ್ಚಯವಾದ ಮೇಲೆ ಮೊದಲು ವೀಸಾದ ಸಂದರ್ಶನ, ನಂತರ ಮಾಲ್ಟಾಕ್ಕೆ ಹೋಗುವವರಿಗೆ ಹೈಪೋಜಿಯಂ ಟಿಕೆಟ್, ಆಮೇಲೆ ಹೀಟಿಂಗ್ ಇರುವುದನ್ನು ಖಚಿತಪಡಿಸಿಕೊಂಡು ಕೋಣೆ. ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗಿನ ಟಿಕೆಟನ್ನು ಮಾತ್ರ ಬೇಗ ತೆಗೆಯಬೇಡಿ. ಚಳಿಗಾಲದಲ್ಲಿ ಸೀಟು ಸಿಗದೆ ಹೋಗುವುದು ಅಪರೂಪ, ಗಾಳಿಯ ಮುನ್ಸೂಚನೆ ಎರಡು ಮೂರು ದಿನ ಮೊದಲು ನೋಡಿದರೆ ನಂಬಬಹುದಾದಷ್ಟು ಸ್ಪಷ್ಟವಿರುತ್ತದೆ, ಮತ್ತು ಹಡಗು ನಿಂತರೂ ಮರಳುವ ವಿಮಾನ ತಪ್ಪದಂತೆ ನಡುವೆ ಒಂದು ದಿನವನ್ನು ಖಾಲಿ ಬಿಟ್ಟಿರಬೇಕು.